ಗುರಸಿದ್ದವ್ವ ಓದಿದ ಹಬ್ಬದ ಸಾಲು

ಎಳ್ಳಮಾಸಿ ಮುಗಿದರೂ ಚಳಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಆರಕ್ಕೇ ರೊಟ್ಟಿ ಶೆಡ್ಡಿನ ಒಲೆಗಳು ಹೊತ್ತಿ, ಪಟಪಟ ಸದ್ದು ಶುರುವಾಗಿತ್ತು...

ಹತ್ತು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಬ್ಬಳು ಮಾತ್ರ ಎಲ್ಲರಿಗೂ ಕೇಳುವಂತೆ ಪುಸ್ತಕ ಓದುತ್ತಿದ್ದಳು. ಅವಳು ಗುರಸಿದ್ದವ್ವನ ಸೊಸೆ ಕಸ್ತೂರಿ.

ಓದುವವಳ ಪಾಲಿನ ಐವತ್ತು ರೊಟ್ಟಿ ಅವಳ ಮನೆಯವರೇ ಬಡಿದುಕೊಡಬೇಕು. ಇದು ಶೆಡ್ಡಿನ ನೇಮ. ಹಾಗಾಗಿ ಅತ್ತೆಗೆ ದಿನವೂ ನೂರು...

"ನಾಲಿಗಿ ಆಕೀದು, ರಟ್ಟಿ ನಂದು," ಎಂದು ಗುರಸಿದ್ದವ್ವ ಗೊಣಗುತ್ತಿದ್ದಳು. ಕಿವಿ ಮಾತ್ರ ಸೊಸೆಯ ಕಡೆಗೇ ಇರುತ್ತಿತ್ತು.

ಪಂಚಾಯ್ತಿ ಲೈಬ್ರರಿಯಿಂದ ಮೂರು ಪುಸ್ತಕ ತಂದಿದ್ದರು. ಮೊದಲನೆಯದು ಹಳೆಗಾಲದ ಒಬ್ಬ ರಾಣಿಯ ಕಥೆ. ರಾಜ ಹಾಸಿಗೆ ಹಿಡಿದಾಗ ರಾಣಿಯೇ ಯುದ್ಧ ಗೆದ್ದು ಬಂದು ಸಿಂಹಾಸನ ಏರಿದಳು ಎಂದು ಕಸ್ತೂರಿ ಓದಿದಳು.

ಪಕ್ಕದ ಒಲೆಯ ಇಮಾಂಬಿ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು. "ಶಬ್ಬಾಸ್! ರಾಜ ಏನ್ ಮಾಡಿದ?"

"ಕುಡ್ಯಾಕ ನೀರು ತಂದುಕೊಟ್ಟ!" ಎಂದಳು ಕಸ್ತೂರಿ, ಪುಟದ ಮೇಲೆ ಕಣ್ಣಿಟ್ಟೇ.

ಎರಡನೆಯದು ಅಜ್ಜಂದಿರ ಕಾಲದ ಪುಸ್ತಿಕೆ. ಹೆಂಡತಿಯಾದವಳು ಹೇಗಿರಬೇಕು ಎಂದು ಹೇಳುವಂಥದ್ದು. ಅದರಲ್ಲಿ ಕಸ್ತೂರಿ ಓದಿದಳು: "ಗಂಡನು ತಾನುಂಡ ತಾಟನ್ನು ತಾನೇ ತೊಳೆಯತಕ್ಕದ್ದು."

ಶೆಡ್ಡಿನಲ್ಲಿ ಬಡಿಯುವ ಸದ್ದು ನಿಂತಿತು...

"ಇನ್ನೊಮ್ಮಿ ಓದವಾ," ಎಂದಳು ಗುರಸಿದ್ದವ್ವ.

ಅಂದು ಮಧ್ಯಾಹ್ನ ಉಂಡೇಳುತ್ತಿದ್ದ ಗಂಡ ಮಡಿವಾಳಪ್ಪನಿಗೆ ವಿಷಯ ತಿಳಿಸಿದಳು. "ನಾ ಹೇಳೂದಲ್ರಿ. ಪುಸ್ತಕದಾಗ ಐತಿ."

ಸಹಿ ಮಾಡುವಷ್ಟೇ ಅಕ್ಷರ ಬಲ್ಲ ಮಡಿವಾಳಪ್ಪ, ಅಚ್ಚಾದ ಮಾತಿಗೆ ಎದುರಾಡಲಾರದೆ ತಾಟು ಹಿಡಿದು ಬಚ್ಚಲಿಗೆ ನಡೆದ.

ತಿಂಗಳು ಕಳೆದ ಮೇಲೆ ಅವನಿಗೆ ಸಂಶಯ ಬಂತು.

"ಆ ಸಾಲು ಎಲ್ಲೈತಿ? ಯುಗಾದಿಯೊಳಗ ಎಲ್ಲಾರ ಮುಂದ ಓದಿ ತೋರಸು. ಸೊಸಿ ಅಲ್ಲ, ನೀನ ಓದಬೇಕು. ಇಲ್ಲಂದ್ರ ತಾಟು ಮತ್ತ ನಿನ್ನ ಪಾಲಿಗೆ!"

ಹೆಂಡತಿಗೆ 'ಅ' ಕೂಡ ಬಾರದೆಂದು ಅವನಿಗೆ ಗೊತ್ತಿತ್ತು. ಮೀಸೆಯಡಿ ನಕ್ಕ.

ಗುರಸಿದ್ದವ್ವ ಹಟ ತೊಟ್ಟಳು. ನಾಲ್ಕನೇ ಇಯತ್ತೆ ಓದಿದ್ದ ಇಮಾಂಬಿಯನ್ನು ಹಿಡಿದಳು. ರೊಟ್ಟಿ ಪಾಕೀಟಿನ ಮೇಲಿನ ಅಕ್ಷರಗಳನ್ನು ಹಿಟ್ಟಿನಲ್ಲಿ ಬೆರಳಾಡಿಸಿ ಬರೆದಳು. ಆಮೇಲೆ ಅದೇ ಹಿಟ್ಟು ನಾದಿ ರೊಟ್ಟಿ ಬಡಿದಳು...

ಯುಗಾದಿಗೆ ವಾರವಿರುವಾಗ ರಾಣಿಯ ಪುಸ್ತಕ ತೆಗೆದು, ಕೊನೆಯ ಪುಟವನ್ನು ತಾನೇ ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

'ರಾಣಿಯು ಖಡ್ಗವನ್ನು ರಾಜನ ಪಾದದಲ್ಲಿಟ್ಟು ಅಂತಃಪುರಕ್ಕೆ ತೆರಳಿದಳು.'

ಸಿಂಹಾಸನವಿಲ್ಲ... ನೀರೂ ಇಲ್ಲ!

'ನನ್ನ ರಟ್ಟಿ ಸೇದಿ ನೋಯೂ ತನಕ ರೊಟ್ಟಿ ಬಡಿಸಿ ಸುಳ್ಳು ಓದ್ಯಾಳ! ತಡಿ, ಎಲ್ಲಾರ ಮುಂದ ಹಿಡೀತೀನಿ,' ಎಂದು ಹಲ್ಲು ಕಡಿದಳು.

ಹಬ್ಬದ ಹಿಂದಿನ ದಿನ ಮಡಿವಾಳಪ್ಪ ಶೆಡ್ಡಿಗೇ ಬಂದು ಬಾಗಿಲಲ್ಲಿ ನಿಂತ. ಗುರಸಿದ್ದವ್ವ ಪುಸ್ತಿಕೆ ಬಿಚ್ಚಿದಳು. ಬೆರಳು ಸಾಲಿನ ಮೇಲೆ ನಿಧಾನಕ್ಕೆ ಸರಿಯಿತು; ಮೊದಲು ಮನಸ್ಸಿನಲ್ಲೇ ಓದಿಕೊಂಡಳು.

'ಪತಿಯು ಉಂಡ ತರುವಾಯವೇ ಸತಿಯು ಉಣ್ಣತಕ್ಕದ್ದು. ಅವನ ತಾಟನ್ನು ಅವಳೇ ತೊಳೆಯತಕ್ಕದ್ದು.'

ತಲೆಯೆತ್ತಿ ನೋಡಿದಳು. ಸೊಸೆಯ ಮುಖ ಹಿಟ್ಟಿನಂತೆ ಬೆಳ್ಳಗಾಗಿತ್ತು. ಒಲೆ ಒಲೆಯ ಮುಂದೂ ಹೆಂಗಸರು ಅವಳತ್ತಲೇ ತಿರುಗಿ ಕೂತಿದ್ದರು...

ನಲವತ್ತು ವರ್ಷ ಗಂಡ ಉಂಡೇಳುವುದನ್ನು ಕಾದು ಕೂತ ತನ್ನ ಹೊಟ್ಟೆ ಅವಳಿಗೆ ನೆನಪಾಯಿತು. ಗೆದ್ದೂ ಒಳಗೆ ಹೋದ ರಾಣಿ ನೆನಪಾದಳು.

ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು...

"ಗಂಡನು... ತಾನುಂಡ ತಾಟನ್ನು... ತಾನೇ ತೊಳೆಯತಕ್ಕದ್ದು. ಹಬ್ಬದ ದಿನ... ಹೆಂಡತಿಯ ತಾಟನ್ನೂ!"

ಮಡಿವಾಳಪ್ಪ ಬೆಚ್ಚಿದ. "ಏ, ಹಬ್ಬದ್ದು ಮೊದಲ ಇರಲಿಲ್ಲಲ್ಲ!"

"ಸೊಸಿ ಅವಸರದಾಗ ಒಂದು ಸಾಲು ಬಿಟ್ಟಿದ್ಳು ನೋಡ್ರಿ."

ಶೆಡ್ಡು ನಗೆಯಿಂದ ತುಂಬಿತು. ಕಸ್ತೂರಿಯ ಕಣ್ಣಲ್ಲಿ ನೀರು ಇಳಿಯಿತು.

"ಒಲಿ ಹೊಗಿ, ಅತ್ತಿ..."

"ಗೊತ್ತೈತಿ ಬಿಡು, ಯಾವ ಹೊಗಿ ಅಂತ."

ಗುರಸಿದ್ದವ್ವ ಮೂರನೆಯ ಪುಸ್ತಕ ಕೈಗೆತ್ತಿಕೊಂಡಳು. ಅಣ್ಣಂದಿರ ಮುಂದೆ ನಿಂತು ಹೊಲದಲ್ಲಿ ತನ್ನ ಪಾಲು ಕೇಳಿ ಪಡೆದ ಹೆಣ್ಣುಮಗಳ ಕಾದಂಬರಿ, ಈಗಿನ ಕಾಲದ್ದು.

"ಇದರಾಗೂ ನಿಂದೇನರ ಸೇರಿಸೀಯೇನು?" ಎಂದು ಪಿಸುಗುಟ್ಟಿದಳು.

"ಇಲ್ಲ ಅತ್ತಿ. ಇದನ್ನ ಇದ್ದಂಗ ಓದೀನಿ. ಬರದಾಕೀನೂ ಹೆಣ್ಮಗಳು."

ಗುರಸಿದ್ದವ್ವ ಗೋಡೆಗೆ ಒರಗಿ ಕಾಲು ಚಾಚಿದಳು.

"ಹಂಗಾದ್ರ ಇವತ್ತಿಂದ ನಾ ಓದತೀನಿ. ಮೂರು ತಿಂಗಳು ನಿನ್ನ ಪಾಲು ನಾ ಬಡದೀನಿ... ಇನ್ನ ನನ್ನ ಐವತ್ತು ನೀ ಬಡಿ. ಲೆಕ್ಕ ಚುಕ್ತಾ!"

ಆ ದಿನ ಕಸ್ತೂರಿ ನೂರು ರೊಟ್ಟಿ ಬಡಿದಳು. ಅತ್ತೆ ಓದಿ ಮುಗಿಸಿದ್ದು ಒಂದೂವರೆ ಪುಟ...

ಬರೆದವರು ಕೊಡದ ಸಿಂಹಾಸನವನ್ನು ಓದುವವರಾದರೂ ಕೊಡಬಹುದು.

ನಾಳೆ ಹಬ್ಬ... ನಿಮ್ಮ ಮನೆಯಲ್ಲಿ ತಾಟು ತೊಳೆಯುವವರು ಯಾರು?