ನೆರಳು ಬೀಳದ ಬಾಗಿಲು

ಮನಸ್ಸು ಮುರಿದವರ ನೆರಳು ಸೀಳಿಹೋಗುತ್ತದೆ. ಗಾರ್ಮೆಂಟ್ಸ್ ಗೇಟಿನಲ್ಲಿ ಅದನ್ನು ನೋಡಿಯೇ ಒಳಗೆ ಬಿಡುತ್ತಾರೆ, ಸೀಳಿದ್ದರೆ ಕೆಲಸವಿಲ್ಲ. ಅದಕ್ಕೇ ನನ್ನಕ್ಕ ಗೌರಿ ಒಂದು ತಿಂಗಳಿಂದ ಹೊಸಿಲು ದಾಟಿಲ್ಲ.

ನಮ್ಮೂರಿನಲ್ಲಿ ತೆರೆಯಲಿರುವ ಮನೋಸಹಾಯ ಕೇಂದ್ರದ ಮುಂಭಾಗ ಹೇಗಿರಬೇಕೆಂದು ಚಿತ್ರ ಬರೆದುಕೊಡಲು ನನ್ನನ್ನು ಕರೆದಿದ್ದರು. ಅಲ್ಲಿನ ಇಂದುಮತಿ ಮೇಡಂ ಕೊಟ್ಟ ಮಾದರಿಯಲ್ಲಿ ಹಳದಿ ಗೋಡೆ, ಕಮಲದ ಹೂವು, ಬಾಗಿಲ ಮೇಲೆ ದೊಡ್ಡ ದೀಪ ಇದ್ದವು. ಬಂದವರ ನೆರಳು ಬೀದಿಗೆಲ್ಲ ಕಾಣಲೆಂದೇ ಆ ದೀಪ ಇಟ್ಟಂತಿತ್ತು. ನಾನು ಅದನ್ನು ಅಳಿಸಿ, ಬಾಗಿಲಿಗೆ ತೆಂಗಿನ ಗರಿಯ ಚಪ್ಪರ ಬರೆದು ತೋರಿಸಿದೆ.

"ಇದೇನಮ್ಮ, ಕಳ್ಳರು ನುಗ್ಗೋ ಬಾಗಿಲು ಇದ್ದಂಗದೆ?" ಎಂದರು.

"ಬೆಳಕಿದ್ರೆ ಯಾರೂ ಬರಾಕಿಲ್ಲ, ಮೇಡಂ. ಆ ದೀಪ ಯಾರಿಗೆ ತೋರ್ಸಕ್ಕೆ?"

ಬೆಳಗಿನಿಂದ ಮೇಡಂ ಹೊಂಗೆಮರದ ಕೆಳಗಿನ ಕುರ್ಚಿ ಬಿಟ್ಟು ಏಳದಿದ್ದುದನ್ನು ನಾನು ಗಮನಿಸಿದ್ದೆ. ಈಗ ಎದ್ದು ಬಿಸಿಲಿಗೆ ಬಂದರು. ಅವರ ನೆರಳು ನೆತ್ತಿಯಿಂದ ಸೊಂಟದವರೆಗೆ ಸೀಳಿತ್ತು.

"ದೀಪ ಮೇಲಿನೋರ ಆಸೆ. ನೀನು ಚಪ್ಪರಾನ ಬೀದಿ ಗಂಟ ಎಳಿ," ಎಂದರು.

ಮೋಸವಿರಬಹುದೆಂದು ಆ ಸೀಳನ್ನೇ ದಿಟ್ಟಿಸಿದೆ. ಅವರು ಉಸಿರೆಳೆದಾಗಲೆಲ್ಲ ಅದು ಸಣ್ಣಗೆ ಅಗಲವಾಗುತ್ತಿತ್ತು. ಅಕ್ಕನನ್ನು ಯಾವತ್ತು ಕರೆತರಲಿ ಎಂದು ಕೇಳಿದೆ.