ಸ್ಟಾರ್ಟ್ ಆಗದ ಕಾರು

ಶೆಟ್ಟಿಕೊಪ್ಪದ ಪರಮೇಶ್ವರಪ್ಪ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದ. ಹೊಸ ಕಾರು ಮಿಸುಕಲಿಲ್ಲ. ಹಳೆಯ ಜೀಪನ್ನು ಇಪ್ಪತ್ತು ವರ್ಷ ಹೀಗೆ ಹೊರಗೆ ನಿಂತೇ ಸ್ಟಾರ್ಟ್ ಮಾಡಿದವನು. ಕ್ಲಚ್ ಒತ್ತದೆ ಇದು ಸ್ಟಾರ್ಟ್ ಆಗುವುದಿಲ್ಲ ಎಂದು ಶೋರೂಮಿನವರು ಹೇಳಿದ್ದು ಮರೆತೇ ಹೋಗಿತ್ತು.

“ಎಂತ ಗಾಡಿ ಮಾರಾಯ ಇದು,” ಎಂದು ಗೊಣಗುತ್ತ ಮತ್ತೊಮ್ಮೆ ತಿರುಗಿಸಿದ.

ಮನೆಯೊಳಗೆ ಹೋಗಿದ್ದಾಳೆಂದುಕೊಂಡಿದ್ದ ಹೆಂಡತಿ ಸರ್ವಮಂಗಳಾ ಬಂಪರಿನ ಮುಂದಿನಿಂದ ತಲೆ ಎತ್ತಿದಳು. ಪೂಜೆಗೆಂದು ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದಳು. “ಸ್ವಲ್ಪ ತಡೀರಿ, ಇನ್ನೊಂದು ಚಕ್ರಕ್ಕೆ ಇಡೋದಿದೆ,” ಎಂದಳು.

ಅವನ ಕಣ್ಣು ಗೇರಿನತ್ತ ಹೋಯಿತು. ಇಳಿಜಾರೆಂದು ನಿನ್ನೆ ಫಸ್ಟ್ ಗೇರಿಗೆ ಹಾಕಿಟ್ಟಿದ್ದು ಹಾಗೆಯೇ ಇತ್ತು. ಜೀಪಾಗಿದ್ದರೆ ಕೀ ತಿರುಗಿಸಿದೊಡನೆ ಮುಂದಕ್ಕೆ ನೆಗೆದುಬಿಡುತ್ತಿತ್ತು. ಸರಕ್ಕನೆ ಕೀ ಕಿತ್ತುಕೊಂಡ.

“ಎಂತಾಯ್ತು ನಿಮಗೆ?” ಎಂದಳು.

“ನೀ ಮೊದಲು ಈ ಕಡೆ ಬಾ,” ಎಂದ.