ಗಂಡಸರ ಸಾಲು

ಚರ್ಚಿನಲ್ಲಿ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ ಎದುರುಬದುರಾಗಿ ಕೂರುವ ಪದ್ಧತಿ ಇನ್ನು ಸಾಕು, ಮುಂದಿನ ಭಾನುವಾರದಿಂದ ಗಂಡಹೆಂಡತಿ ಒಟ್ಟಿಗೇ ಕೂರಲಿ ಎಂದರು ಹೊಸ ಸಭಾಪಾಲಕರು. ಹೀಗೇ ಬಿಟ್ಟರೆ ಹೊಸ ಜೋಡಿಗಳೆಲ್ಲ ಬೇರೆ ಚರ್ಚಿಗೆ ಹೋಗಿಬಿಡುತ್ತಾರೆಂಬ ಭಯ ಅವರಿಗೆ. ಎಲ್ಲರೂ ಒಪ್ಪಿದರು. ಸಭೆಯ ಹಿರಿಯರಾದ ಸತ್ಯಮಿತ್ರಪ್ಪನವರು ಮಾತ್ರ ಎದ್ದು ನಿಂತರು.

"ಬೇಡಿ ಅಯ್ಯನವರೇ. ಒಟ್ಟಿಗೆ ಕೂತ್ರೆ ಯಾರಿಗೂ ನಿಮ್ಮ ಪ್ರಸಂಗದ ಮೇಲೆ ಗಮನ ಇರಲ್ಲ."

"ದಾಂಪತ್ಯಾನೂ ದೇವರು ಕೊಟ್ಟಿದ್ದೇ ಅಲ್ವಾ?"

"ಕೊಟ್ಟಿದ್ದಾನೆ. ಅದಕ್ಕೇ ಬೇಡ ಅಂತಿರೋದು."

ಹಿಂದೆ ಯಾರೋ ಕಿಸಕ್ಕೆಂದರು.

"ಯಾಕೆ, ಮನೆಯವರ ಜೊತೆ ಮಾತು ಬಿಟ್ಟಿದ್ದೀರಾ?" ಎಂದರು ಸಭಾಪಾಲಕರು.

"ಇಲ್ಲಪ್ಪ."

"ಮತ್ತೆ ಅವರ ಪಕ್ಕ ಕೂರೋಕೆ ಏನು ಕಷ್ಟ?"

ಸತ್ಯಮಿತ್ರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಪಕ್ಕದಲ್ಲೇ ಕೂತ್ರೆ, ಅವಳು ಹಾಡೋವಾಗ ನಾನು ಮುಖ ನೋಡೋದು ಹೇಗೆ?"